ಬಿಸಿಲ ಗಾಡಿಯ ಮೇಲೆ ಸಂಡಿಗೆ

ಮಲಪ್ರಭೆಯ ದಂಡೆಯಲ್ಲಿ ಒಂದು ಪುಟ್ಟ ಆಶ್ರಮ. ಚನ್ನಮಲ್ಲಜ್ಜನವರು ಅಲ್ಲಿಯ ಗುರುಗಳು, ನೀಲಾಂಬಿಕೆ ಅವರ ಶಿಷ್ಯೆ.

ಅಜ್ಜನವರ ಮೊಣಕಾಲು ಕೈಕೊಟ್ಟಿದ್ದವು. ತಮ್ಮ ಗುರುವಿನ ಗದ್ದುಗೆಯ ದರ್ಶನವಾಗದೆ ಎಷ್ಟೋ ಕಾಲವಾಗಿತ್ತು. ಆ ದಾರಿಗೆ ಬಸ್ಸಿಲ್ಲ.

"ನಾ ಕರ್ಕೊಂಡ ಹೋಗ್ತೀನ್ರಿ," ಎಂದಳು ನೀಲಾಂಬಿಕೆ.

ಹೇಳಿ ಸುಮ್ಮನೆ ಕೂರುವ ಪೈಕಿ ಅವಳಲ್ಲ. ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುವ ಕರೆಂಟಿನ ಕಾರು ತರಿಸಿದಳು. ಖಾಲಿ ಕೊಟ್ಟಿಗೆಯಲ್ಲಿ ನಕ್ಷೆ ಹರಡಿಕೊಂಡು, ಬೋಲ್ಟು ತಿರುವಿ ತಿರುವಿ ತಾನೇ ಕಟ್ಟಿದಳು. ಎರಡೇ ಸೀಟು. ಸೀಟಿನಡಿ ಬ್ಯಾಟರಿ, ನೆತ್ತಿಯ ಮೇಲೆ ಸೋಲಾರ್ ಹಲಗೆ, ಮೈಗೆಲ್ಲ ಮಾವಿನಹಣ್ಣಿನ ಬಣ್ಣ.

ಮೊದಲ ಸಲ ಚಕ್ರ ತಿರುಗಿದಾಗ ಅವಳು ಕುಣಿದೇಬಿಟ್ಟಳು.

"ನಾಳೆ ಹೋಗೂಣೇನ ತಂಗಿ?" ಅಜ್ಜನವರು ಕೇಳಿದರು.

"ಬಣ್ಣ ಇನ್ನಾ ಹಸಿ ಐತ್ರಿ ಅಜ್ಜಾರ."

ಬಣ್ಣ ಒಣಗಿತು. ಅಜ್ಜನವರು ಮತ್ತೆ ಕೇಳಿದರು.

"ದಾರಿ ತುಂಬ ಧೂಳ್ರಿ. ಒಂದ ಮಳಿ ಬೀಳಲಿ."

ಅಡ್ಡಮಳೆಯೊಂದು ಬಿತ್ತು.

"ಈಗ ರಾಡಿ ಆಗೇತ್ರಿ."

ಬೆಳಗಾದರೆ ಗಾಡಿಯನ್ನು ಅಂಗಳದ ಬಿಸಿಲಿಗೆ ತರುವಳು, ಮೆತ್ತನೆಯ ಬಟ್ಟೆಯಿಂದ ಒರೆಸುವಳು, ಸಂಜೆ ಕೊಟ್ಟಿಗೆಗೆ ಸೇರಿಸುವಳು. ಪಾಪ, ಆ ಗಾಡಿ ಕಂಡ ಲೋಕ ಅಷ್ಟೇ.

ಒಂದು ಬೆಳಿಗ್ಗೆ ಅವಳು ಹೊಳೆಯಿಂದ ಬಂದು ನೋಡಿದರೆ, ಅಜ್ಜನವರು ಗಾಡಿಗೆ ಒರಗಿ ನಿಂತು ಸೋಲಾರ್ ಹಲಗೆಯ ತುಂಬ ಸಂಡಿಗೆ ಇಡುತ್ತಿದ್ದರು.

ಅವಳು ಓಡಿ ಬಂದಳು.

"ಅಜ್ಜಾರ, ಏನ ಮಾಡಾಕತ್ತೀರಿ?"

"ಸಂಡಿಗಿ ಒಣಹಾಕಾಕತ್ತೀನಿ. ಇಲ್ಲಿ ಕೋಳಿ ಕಾಟ ಇಲ್ಲ. ಭಾಳ ಛಲೋ ಜಾಗಾ ಕಟ್ಟೀ."

"ಅದರ ಮ್ಯಾಲೆ ಬಿಸಲ ಬೀಳಬೇಕ್ರಿ. ಇಲ್ಲಂದ್ರ ಚಾರ್ಜ್ ಆಗೂದಿಲ್ಲ."

"ಚಾರ್ಜ್ ಯಾಕ ಬೇಕು?"

"ಗಾಡಿ ಓಡಾಕ್ರಿ."

"ಎಲ್ಲಿಗೆ?"

ಅಜ್ಜನವರು ಇನ್ನೊಂದು ಸಂಡಿಗೆ ಇಟ್ಟರು.

ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ತಡೆಯಲಾರದಷ್ಟು ನಗು ಬಂತು. ಹಸಿ ಸಂಡಿಗೆಯನ್ನೆಲ್ಲ ಬಳಿದು ಪಾತ್ರೆಗೆ ಹಾಕಿ, ಹಲಗೆ ಒರೆಸಿ, ಅಜ್ಜನವರ ಕೈಹಿಡಿದು ಸೀಟಿನಲ್ಲಿ ಕೂರಿಸಿದಳು.

ಗಾಡಿ ಸದ್ದಿಲ್ಲದೆ ಹೊರಟಿತು. ಕುರಿ ಕಾಯುವವನೊಬ್ಬ ಬಾಯಿ ತೆರೆದು ನಿಂತ. ಅಜ್ಜನವರು ಅವನಿಗೆ ಕೈಬೀಸಿದರು. "ಇನ್ನಷ್ಟ ಜೋರ ಬಿಡು," ಎಂದರು. ರಾಡಿ ಹಾರಿತು, ಇಬ್ಬರೂ ನಕ್ಕರು. ಇಷ್ಟು ದಿನ ಈ ಸುಖ ಬಿಟ್ಟು ಬರೀ ಒರೆಸುತ್ತ ಕೂತಿದ್ದೆನಲ್ಲ ಎನ್ನಿಸಿತು ನೀಲಾಂಬಿಕೆಗೆ.

ದೂರದಲ್ಲಿ ಗದ್ದುಗೆಯ ಬೇವಿನಮರ ಕಂಡಿತು. ಅಜ್ಜನವರ ಕಣ್ಣು ತುಂಬಿ ಬಂದವು.

ಅಲ್ಲಿ ಬಂಡಿದಾರಿ ಕಿರಿದಾಗಿತ್ತು. ಎಡಕ್ಕೊಂದು ಜಾಲಿಕಂಟಿ ಚಾಚಿಕೊಂಡಿತ್ತು. ಅಜ್ಜನವರ ಕಡೆಯ ಬಾಗಿಲಿಗೆ ಅದು ಕರ್ರೆಂದು ಗೀರಿತು.

ನೀಲಾಂಬಿಕೆ ಗಾಡಿ ನಿಲ್ಲಿಸಿ ಇಳಿದು ನೋಡಿದಳು. ಮಾವಿನಹಣ್ಣಿನ ಬಣ್ಣದ ಮೇಲೆ ಈ ತುದಿಯಿಂದ ಆ ತುದಿಗೆ ಬಿಳಿ ಗೆರೆ.

"ಇದಕ್ಕ ನೋಡ್ರಿ ಅಜ್ಜಾರ, ನಾ ಇಷ್ಟ ದಿನಾ ಅಂಜಿದ್ದು," ಎಂದಳು ಸಣ್ಣ ದನಿಯಲ್ಲಿ.

ಅಜ್ಜನವರು ಕಿಟಕಿಯಿಂದ ಬಗ್ಗಿ ಗೆರೆ ನೋಡಿದರು.

"ನಿನ್ನ ಕಡೀ ಬಾಗಿಲಕ್ಕ ಏನಾಗೇತಿ?"

"ಅದಕ್ಕ ಏನೂ ಆಗಿಲ್ರಿ."

"ಹಂಗಾರ ಹತ್ತು ತಂಗಿ. ಹೊಳ್ಳಿ ಬರೂಮುಂದ ಇದ ಜಾಲಿ ಅದನ್ನೂ ನೋಡ್ಕೊಂತೈತಿ."