ಒಣ ಚಪ್ಪಲಿ, ಒದ್ದೆ ಚಪ್ಪಲಿ

ರಾಣೆಬೆನ್ನೂರಿನಲ್ಲಿ ಪಂಕಜಾಕ್ಷಿ ಅಂತ ಒಬ್ಬ ಹೆಣ್ಣುಮಗಳಿದ್ದಳು. ಪತ್ತೇದಾರಿ ಕಥೆ ಬರೆಯುವುದು ಅವಳ ಕಸುಬು. ಕಾಗದದ ಮೇಲಲ್ಲ, ಫೋನಿನಲ್ಲಿ. ಶುಕ್ರವಾರಕ್ಕೊಂದು ಕಂತು ಆ್ಯಪಿಗೆ ಹಾಕಿದಳೆಂದರೆ ಊರೂರಲ್ಲಿ ಜನ ಕಾದು ಕೂತು ಓದುತ್ತಿದ್ದರು.

ಅವಳ ಒಂದು ಕಥೆಯಲ್ಲಿ ಅಕ್ಕಿ ಗಿರಣಿಯ ಸಾಹುಕಾರ ಸತ್ತುಬಿದ್ದ. ಕೊಂದವನು ಊರಿನ ಆಸ್ಪತ್ರೆಯ ಕಂಪೌಂಡರ್. ಸುದ್ದಿ ಕೇಳಿ ಈಗಷ್ಟೇ ಓಡಿಬಂದೆ ಅನ್ನುತ್ತಾನೆ. ಹೊರಗೆ ಧೋ ಅಂತ ಮಳೆ. ಆದರೆ ಅವನ ಚಪ್ಪಲಿ ಒಣಗಿವೆ. ಅಂದರೆ ಅವನು ಮೊದಲೇ ಮನೆಯೊಳಗಿದ್ದ, ಅಲ್ಲವೇ? ಈ ಸುಳಿವನ್ನು ಅವಳು ಮೂರನೇ ಕಂತಿನ ಒಂದು ಸಾಲಿನಲ್ಲಿ ಮೆಲ್ಲಗೆ ಇಟ್ಟು ಮುಂದೆ ಹೋಗಿದ್ದಳು.

ಕಥೆ ಮುಗಿಯುವ ಮೊದಲೇ ಯಾರೋ ಓದುಗ ಕೆಳಗೆ ಬರೆದುಬಿಟ್ಟ: ಚಪ್ಪಲಿ ನೋಡಿ, ಕಂಪೌಂಡರೇ ಕೊಂದದ್ದು. ಪಂಕಜಾಕ್ಷಿಯ ಮುಖ ಸಪ್ಪಗಾಯಿತು. ಕೊನೆಯ ಕಂತಿಗೆ ಇನ್ನೇನು ಉಳಿಯಿತು? ಅವಳು ಆ ಮಾತನ್ನು ಅಳಿಸಿದಳು. ಹಿಂದಕ್ಕೆ ಹೋಗಿ ಒಣ ಚಪ್ಪಲಿಯನ್ನು ಒದ್ದೆ ಮಾಡಿದಳು. ಕೊಲೆಯನ್ನು ಸಾಹುಕಾರನ ಅಳಿಯನ ತಲೆಗೆ ಕಟ್ಟಿದಳು. ಫೋನಿನ ಕಥೆ ನೋಡಿ, ತಿದ್ದಿದ ಗುರುತೇ ಉಳಿಯುವುದಿಲ್ಲ. ಓದಿದವರೆಲ್ಲ ಬೆಚ್ಚಿಬಿದ್ದು ಭೇಷ್ ಅಂದರು.

ಅವಳಿಗೊಂದು ಆಸೆಯಿತ್ತು. ಧಾರವಾಡದಲ್ಲಿ ಪತ್ತೇದಾರಿ ಲೇಖಕರದೊಂದು ಬಳಗ. ಅಚ್ಚಾದ ಪುಸ್ತಕ ಇದ್ದವರಿಗಷ್ಟೇ ಅಲ್ಲಿ ಜಾಗ. ಫೋನಿನಲ್ಲಿ ಬರೆಯುವವರು ಕಸುಬುದಾರರೇ ಅಲ್ಲ ಅಂತ ಅಲ್ಲಿನವರ ಅಂಬೋಣ. ಈಗೀಗ ಬಾಗಿಲು ತೆರೆದಿದ್ದರು, ಆದರೆ ಒಂದು ಪದ್ಧತಿ ಇಟ್ಟಿದ್ದರು. ಬಳಗದ ಹಿರಿಯ ಶಾಂತವೀರಪ್ಪನವರ ಜೊತೆ ಲೇಖಕರು ಓದುಗರ ನಡುವೆ ಎರಡು ಸಲ ಹೋಗಿ ಕೂರಬೇಕು. ನಾನು ಇಂಥವಳು ಅಂತ ಹೇಳಬಾರದು. ಸುಮ್ಮನೆ ಕೇಳಬೇಕು.

ಎಲ್ಲಿಗೆ ಹೋಗೋಣ ಅಂತ ಅವರು ಕೇಳಿದಾಗ ಪಂಕಜಾಕ್ಷಿ ಎದೆಯುಬ್ಬಿಸಿ ಬ್ಯಾಡಗಿ ಅಂದಳು. ಅಲ್ಲಿನ ಮೆಣಸಿನಕಾಯಿ ಶೆಡ್ಡಿನ ಹೆಂಗಸರಿಗೆ ಅವಳ ಕಥೆ ಅಂದರೆ ಪ್ರಾಣ.

ಶೆಡ್ಡಿನಲ್ಲಿ ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಖಾರದ ಕೈಯಲ್ಲಿ ಫೋನ್ ಹಿಡಿಯಲಾಗದು. ಅದಕ್ಕೇ ರತ್ನವ್ವ ಅನ್ನುವವಳು ಕೈ ತೊಳೆದುಕೊಂಡು ಪಕ್ಕಕ್ಕೆ ಕೂತು ಓದುವುದು, ಅವಳ ಪಾಲಿನ ಕಾಯಿಯನ್ನು ಉಳಿದವರು ಬಿಡಿಸಿಕೊಡುವುದು. ಅವರದು ಹಾಗೊಂದು ಒಪ್ಪಂದ.

ಮೂಲೆಯಲ್ಲಿ ಒಬ್ಬ ಅಜ್ಜಿ ಮಾತಿಲ್ಲದೆ ಕೂತಿದ್ದಳು. ಹೆಸರು ಫಕೀರವ್ವ. ಅವಳನ್ನು ಕಂಡರೆ ಉಳಿದವರಿಗೆ ನಗು.

“ಯವ್ವಾ, ಇವತ್ತರ ಚಪ್ಪಲಿ ಒಣಗ್ಯಾವೋ ಇಲ್ಲೋ?” ಅಂತ ಒಬ್ಬಳು ಕೆಣಕಿದಳು.

ವಿಷಯ ಏನೆಂದು ರತ್ನವ್ವನೇ ಬಂದವರಿಗೆ ಹೇಳಿದಳು. ಕೊಲೆಗಾರ ಕಂಪೌಂಡರ್, ಯಾಕೆ ಅಂತ ಕೊನೆಗೆ ಹೇಳ್ತೀನಿ ಅಂದಿದ್ದಳಂತೆ ಅಜ್ಜಿ. ಅಳಿಯ ಅಂತ ಬಂದ ಮೇಲೂ ಬಿಡಲಿಲ್ಲ, ಕಂಪೌಂಡರನ ಚಪ್ಪಲಿ ಒಣಗಿತ್ತು ಅಂತ ಹಟ. ತೆಗೆದು ನೋಡಿದರೆ ಒದ್ದೆ ಅಂತಲೇ ಇದೆ. ಊರಿನ ಮದುವೆಗಳಲ್ಲಿ ಸೋಬಾನೆ ಪದಗಳನ್ನು ಒಂದು ಸಾಲೂ ಬಿಡದೆ ಹೇಳಿಕೊಡುತ್ತಿದ್ದವಳು ಇವಳೇ. ಆವತ್ತಿನಿಂದ ಹಾಡಲು ಬಾಯಿಯೇ ಬಿಡುತ್ತಿಲ್ಲ.

“ನನ್ನ ತಲಿ ಮ್ಯಾಲೆ ನನಗ ನಂಬಿಗಿ ಹೋಗೈತಿ,” ಅಂದಳು ಫಕೀರವ್ವ. “ನಡುವ ಮರತು ನಿಂತ್ರ ಮದುವಿ ಮನಿಯಾಗ ಏನ್ ಮಾಡ್ಲಿ? ಯಾರರ ಬ್ಯಾರೇರು ಹಾಡ್ಲಿ ಬಿಡು.”

ಮನೆಗೆ ಬಂದವಳೇ ಪಂಕಜಾಕ್ಷಿ ಫೋನ್ ತೆಗೆದು ಚಪ್ಪಲಿಯನ್ನು ಒಣಗಿಸಿದಳು, ಕೊಲೆಯನ್ನು ಕಂಪೌಂಡರಿಗೇ ಕೊಟ್ಟಳು. ಯಾರಿಗೂ ತಿಳಿಸಲಿಲ್ಲ. ಇಷ್ಟಾದರೆ ಅಜ್ಜಿಯ ಮನಸ್ಸೂ ತಣ್ಣಗಾಗುತ್ತದೆ, ತನ್ನ ಮರ್ಯಾದೆಯೂ ಉಳಿಯುತ್ತದೆ ಅಂದುಕೊಂಡಳು.

ಎರಡನೇ ಸಲ ಹೋದಾಗ ಶೆಡ್ಡಿನಲ್ಲಿ ಗುಸುಗುಸು ನಡೆದಿತ್ತು. ಚೇಷ್ಟೆಗೆಂದು ಯಾರೋ ಆ ಕಂತನ್ನು ಮತ್ತೆ ಓದಿಸಿದ್ದರು. ರತ್ನವ್ವನ ಬಾಯಲ್ಲಿ “ಒಣ ಚಪ್ಪಲಿ” ಅಂತ ಬಂದು ಅವಳೇ ಗಾಬರಿಯಾಗಿದ್ದಳು. ಈಗ ಎಲ್ಲರೂ ಫಕೀರವ್ವನನ್ನು ನೋಡಿದರು. ಅಜ್ಜಿ ಹಿಗ್ಗಲಿಲ್ಲ. ಕೈಯಲ್ಲಿದ್ದ ಕಾಯಿಯ ತೊಟ್ಟು ಮುರಿದು ಬುಟ್ಟಿಗೆ ಹಾಕಿದಳು.

“ನನ್ನ ತಲಿ ಸರಿ ಐತಿ ಅಂತ ಗೊತ್ತಾತು. ಸರಿ ಇಲ್ದಿದ್ದು ಈ ಕಥಿ. ಕುಂತವ್ರ ಕೆಳಗಿನ ಕಟ್ಟಿಗಿ ಮಣಿ ಜಗ್ಗೂದು, ಬಿದ್ರ ನಗೂದು, ಆಮ್ಯಾಲೆ ಸುಮ್ನ ಮಣಿ ತಂದಿಡೂದು. ಇನ್ನೊಮ್ಮೆ ಹ್ಯಾಂಗ ಕುಂದ್ರೂದು? ಇಕಿ ಕಥಿ ನನಗ ಬ್ಯಾಡ. ಬ್ಯಾರೇದು ಓದು.”

ರತ್ನವ್ವ ಬೇರೆ ಕಥೆ ಹುಡುಕತೊಡಗಿದಳು. ಬಾಯಿ ಬಿಡಬಾರದು ಅಂತ ಪದ್ಧತಿ. ಸುಮ್ಮನಿದ್ದರೆ ಬಳಗದ ಜಾಗ ಸಿಕ್ಕೇ ಸಿಗುತ್ತಿತ್ತು. ಪಂಕಜಾಕ್ಷಿ ಎದ್ದು ಅಜ್ಜಿಯ ಮುಂದೆ ಹೋಗಿ ಕೂತಳು.

“ಯವ್ವಾ, ಅದನ್ನ ಬರದಾಕಿ ನಾನ. ಎರಡು ಸಲ ತಿದ್ದಿದಾಕೀನೂ ನಾನ.”

ಯಾರೋ ಸೀನಿದರು. ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

“ತಿದ್ದು, ಯಾರು ಬ್ಯಾಡಂದ್ರು? ನಾ ಹಾಡೂ ಮುಂದ ತಪ್ಪಿದ್ರ ‘ತಪ್ಪಿತವ್ವ, ತಡೀರಿ’ ಅಂತೀನಿ. ಅಷ್ಟ ಒಂದ್ ಮಾತು ಹೇಳಾಕ ನಿನಗೇನಾಗಿತ್ತು?”

ಹೊರಗೆ ಬಂದ ಮೇಲೆ ಶಾಂತವೀರಪ್ಪನವರು ಈ ಕಥೆಯ ಮೇಲೆ ನಿನಗೆ ಬಳಗದಲ್ಲಿ ಜಾಗವಿಲ್ಲ, ಮುಂದಿನದನ್ನು ತಗೊಂಡು ಬಾ ತಂಗಿ ಅಂದರು. ಅವಳು ಮನೆಗೆ ಹೋಗಿ ಮೂರನೇ ಕಂತಿನ ನೆತ್ತಿಯ ಮೇಲೆ, ಏನಿತ್ತು, ಏನು ಮಾಡಿದೆ, ಯಾಕೆ ಮಾಡಿದೆ ಅಂತ ಬರೆದಳು. ಕೆಲವರು ಬೈದು ಬಿಟ್ಟುಹೋದರು. ಹೋದವರನ್ನು ಅವಳು ಕರೆಯಲಿಲ್ಲ.

ಮುಂದಿನ ಕಥೆ ಶುರುವಾಯಿತು. ಅಷ್ಟರಲ್ಲಿ ಫಕೀರವ್ವ ಒಂದು ಮದುವೆಯಲ್ಲಿ ಹಾಡಿ ಬಂದಿದ್ದಳು. ಶೆಡ್ಡಿನಲ್ಲಿ ರತ್ನವ್ವ ಕೈ ತೊಳೆದು ಕೂತಳು.

“ಮ್ಯಾಲೆ ಏನರ ಬರದಾಳೇನು?” ಅಂತ ಕೇಳಿದಳು ಫಕೀರವ್ವ.

“ಬರದಾಳಬೇ. ಹ್ವಾದ ವಾರ ಪೋಸ್ಟಮಾಸ್ತರಗ ಎಡಗಾಲು ಕುಂಟು ಅಂದಿದ್ದೆ, ಬಲಗಾಲು ಆಗಬೇಕಿತ್ತು, ತಿದ್ದೀನಿ ಅಂತ.”

ಫಕೀರವ್ವ ರತ್ನವ್ವನ ಪಾಲಿನ ಕಾಯಿಯ ರಾಶಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

“ಹಂಗಾರ ಓದು.”

ನೀತಿ: ಬರೆದದ್ದನ್ನು ತಿದ್ದುವುದು ತಪ್ಪಲ್ಲ, ಓದುವವರಿಗೆ ಹೇಳದೆ ತಿದ್ದುವುದು ತಪ್ಪು. ಅಚ್ಚಿನಲ್ಲಿ ಬರೆದರೂ ಅಷ್ಟೇ, ಫೋನಿನಲ್ಲಿ ಬರೆದರೂ ಅಷ್ಟೇ. ನಮ್ಮ ಜಾಣತನ ಉಳಿಸಿಕೊಳ್ಳಲು ಇನ್ನೊಬ್ಬರ ನೆನಪನ್ನು ಸುಳ್ಳು ಮಾಡಬಾರದು ಮಕ್ಕಳೇ.