ಕಡಲಿಗೆ ಬಾಯಿ ತೆರೆದ ಆವಿಗೆ

“ಗುರುಗಳೇ, ಬೇರೆ ಮಠಕ್ಕೆ ಹೋಗಲು ಅಪ್ಪಣೆ ಕೊಡುವಿರಾ? ನಮ್ಮ ಬಾಗಿಲು ನೆಟ್ಟಗೆ ದಾರಿಗೇ ತೆರೆದಿದೆ. ಕಣ್ಣು ಮುಚ್ಚಿ ಕುಳಿತರೆ ಸಾಕು, ಯಾರಾದರೂ ನೀರು ಕೇಳಿಕೊಂಡು ಬರುತ್ತಾರೆ. ಇಲ್ಲಿ ಧ್ಯಾನ ಕೈಗೂಡುವುದು ಹೇಗೆ?” ಎಂದು ಶಿಷ್ಯನೊಬ್ಬ ಕೇಳಿದ. ಗಂಟು ಆಗಲೇ ಕಟ್ಟಿಯಾಗಿತ್ತು. ಅಪ್ಪಣೆ ಕೇಳಿದ್ದು ಬರಿಯ ಶಾಸ್ತ್ರಕ್ಕೆ. ಗುರುಗಳು ನಕ್ಕು ಕತೆ ಹೇಳಿದರು.

ಕಡಲ ದಡದಲ್ಲಿ ಒಬ್ಬ ಕುಂಬಾರನಿದ್ದ. ಮಡಕೆ ಸುಡುವ ಆವಿಗೆಯನ್ನು ಅವನ ಅಜ್ಜ ಕಡಲಿಗೆ ಬಾಯಿ ಮಾಡಿ ಕಟ್ಟಿದ್ದ. ಬುದ್ಧಿಯಿರುವ ಯಾವ ಕುಂಬಾರನೂ ಹಾಗೆ ಕಟ್ಟುವುದಿಲ್ಲ. ಗಾಳಿ ಒಳನುಗ್ಗಿ ಬೆಂಕಿ ಒಂದೇ ಮಗ್ಗುಲಿಗೆ ಉರಿಯುತ್ತಿತ್ತು; ಪ್ರತಿ ಸಲವೂ ಕೆಲವು ಮಡಕೆ ಬಿರಿಯುತ್ತಿದ್ದವು. ನೆಂಟರು ಆಡಿಕೊಂಡು ನಗುತ್ತಿದ್ದರು. ಕುಂಬಾರನಿಗೆ ಸಾಕುಸಾಕಾಗಿತ್ತು. ಜಾಗವನ್ನು ಒಬ್ಬ ವ್ಯಾಪಾರಿಗೆ ಬಿಟ್ಟುಕೊಡುವುದೆಂದು ಮಾತಾಯಿತು. ಮರುದಿನವೇ ವ್ಯಾಪಾರಿ ಆವಿಗೆಯನ್ನು ಕೆಡವಿ ಉಗ್ರಾಣ ಕಟ್ಟುವವನಿದ್ದ.

ಊರು ಬಿಡುವ ಮುನ್ನ ಕುಂಬಾರನಿಗೆ ಒಂದು ಆಸೆ. ಎದುರಿನ ನಡುಗಡ್ಡೆಯಲ್ಲಿ ಹಳೆಯ ಕೋಟೆಯಿತ್ತು. ಹಿಂದಿನ ಅರಸರು ಅದನ್ನು ಸೆರೆಮನೆ ಮಾಡಿದ್ದರು. ಈಗ ಜನ ನೋಡಲು ಹೋಗುತ್ತಿದ್ದರು. ಹುಟ್ಟಿದಾಗಿನಿಂದ ದಡದಲ್ಲೇ ನಿಂತು ನೋಡಿದವನು ಒಮ್ಮೆಯೂ ಹೋಗಿರಲಿಲ್ಲ. ಅಂದು ದೋಣಿಯಲ್ಲಿ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ.

“ಕೂತ್ಕೊ ಮಾರಾಯ, ಕೋಟೆ ಎಲ್ಲಿಗೂ ಓಡಿಹೋಗುದಿಲ್ಲ,” ಎಂದು ಅಂಬಿಗ ಗದರಿದ.

ದೋಣಿ ಮರಳಿಗೆ ತಾಗುವ ಮೊದಲೇ ಕುಂಬಾರ ನೀರಿಗೆ ಹಾರಿದ. ಬುರುಜು ಹತ್ತಿದ, ಫಿರಂಗಿ ತಡವಿದ, ಬಾವಿಯೊಳಗೆ ಕೂಗಿ ತನ್ನದೇ ದನಿ ಕೇಳಿ ಹಿಗ್ಗಿದ.

ಕೊನೆಗೆ ಕಾವಲುಗಾರ ಒಂದು ಕತ್ತಲೆ ಕೋಣೆಗೆ ಕರೆದೊಯ್ದ. ಕಿಟಕಿಯ ಪಕ್ಕದ ಗೋಡೆಯಲ್ಲಿ ಯಾರೋ ಗೀರಿದ ಒಂದು ಚಿತ್ರವಿತ್ತು. ಒಂದು ಗುಮ್ಮಟ, ಅದಕ್ಕೊಂದು ಬಾಯಿ, ಬಾಯಿ ತುಂಬ ಬೆಂಕಿ. ಯಾವುದೋ ಗುಡಿಯಿರಬೇಕು ಎಂದು ಬಂದವರು ಮಾತಾಡಿಕೊಂಡರು. ಕುಂಬಾರ ಆ ಬಾಯಿಯ ಗೆರೆಯನ್ನು ಬೆರಳಿನಿಂದ ಸವರಿದ. ಕಿಟಕಿಯಲ್ಲಿ ಇಣುಕಿದ. ನೇರ ಎದುರಿಗೆ ಅವನದೇ ಆವಿಗೆ.

“ಇಲ್ಲಿದ್ದವ ಅನ್ನ ಬಿಟ್ಟು ಸಾಯ್ಲಿಕ್ಕೆ ಕೂತಿದ್ದನಂತೆ,” ಎಂದ ಕಾವಲುಗಾರ. “ಒಂದು ಸಂಜೆ ಆಚೆ ದಡದಲ್ಲಿ ಬೆಂಕಿ ಕಂಡಿತಂತೆ. ಅಲ್ಲಿ ಯಾರೋ ಎಚ್ಚರ ಇದ್ದಾರೆ, ನಾನೂ ಇರ್ತೇನೆ ಅಂತ ಊಟ ಕೇಳಿದನಂತೆ. ಬಿಡುಗಡೆ ಆಗುವ ತನಕ ಅದನ್ನೇ ನೋಡಿಕೊಂಡು ಬದುಕಿದ.”

ಮರಳುವಾಗ ಕುಂಬಾರ ಅಂಬಿಗನ ಕೈಯಿಂದ ಹುಟ್ಟು ಕಸಿದು ತಾನೇ ಹಾಕಿದ. ಅಂಗಳದಲ್ಲಿ ವ್ಯಾಪಾರಿ ಅಳತೆಯ ಹಗ್ಗ ಹಿಡಿದು ನಿಂತಿದ್ದ. ಮಾತು ತಪ್ಪಿದೆ, ಮನ್ನಿಸಬೇಕು ಎಂದು ಕುಂಬಾರ ಅವನಿಗೆ ಕೈಮುಗಿದ. ಆಮೇಲೆ ಅಜ್ಜನ ಆವಿಗೆಗೆ ಸಂತೋಷದಿಂದ ಸೌದೆ ಒಟ್ಟತೊಡಗಿದ.

ಕತೆ ಮುಗಿಸಿದ ಗುರುಗಳು ಶಿಷ್ಯನ ಗಂಟಿನ ಕಡೆ ನೋಡಿದರು.

“ಜ್ವರದಲ್ಲಿ ದಾರಿ ತಪ್ಪಿ ನೀನು ಬಂದೆಯಲ್ಲ, ಅಂದು ಈ ಬಾಗಿಲು ಯಾವ ಕಡೆಗೆ ತೆರೆದಿತ್ತು?”