ಮುಂಗುಸಿ ಕೊಂಡ ದೋಣಿ

ಮಳೆಗಾಲ ಹತ್ತಿರವಾಗಿತ್ತು. ಹೊಳೆ ಏರಿದರೆ ಬಿಲ ಉಳಿಯುವಂತಿರಲಿಲ್ಲ. ಸಂಸಾರವನ್ನು ಆಚೆ ದಡಕ್ಕೆ ಸಾಗಿಸಬೇಕೆಂದು ಮುಂಗುಸಿಯು ಆಮೆಯ ಹಳೆಯ ಮರದ ದೋಣಿಯನ್ನು ನೋಡಲು ಹೋಯಿತು. ಜೊತೆಗೆ ಬಂದ ಕೊಕ್ಕರೆ ಹಲಗೆಗಳ ಸಂದಿಯಲ್ಲಿ ಕೊಕ್ಕು ತೂರಿಸಿ, "ಇದು ದೋಣಿಯಲ್ಲ, ಜರಡಿ. ಕೊಂಡರೆ ಕೆಟ್ಟೆ," ಎಂದಿತು.

ಮುಂಗುಸಿ ದೋಣಿಯನ್ನೇ ಕೇಳಿತು: "ನಿನಗೇನಾಗಿದೆ?"

"ಬೇಸಿಗೆಯೆಲ್ಲ ದಡದ ಮೇಲೆ ಬಿದ್ದು ಒಣಗಿದ್ದೇನೆ, ಕೊಳೆತಿಲ್ಲ," ಎಂದಿತು ದೋಣಿ. "ಆದರೆ ವರ್ಷಕ್ಕೊಮ್ಮೆ ಎಣ್ಣೆ ಬಳಿಯದಿದ್ದರೆ ನಾನು ಯಾರ ಕೆಲಸಕ್ಕೂ ಒದಗುವುದಿಲ್ಲ."

ಮುಂಗುಸಿ ಹಲಗೆಯನ್ನು ಕಚ್ಚಿ ನೋಡಿತು. ಹಲ್ಲು ನಾಟಲಿಲ್ಲ. "ಮಳೆಗಾಲ ಕಳೆದ ಮೇಲೆ ವರ್ಷವರ್ಷವೂ ಎಣ್ಣೆ ಬಳಿಯುವ ಹೊಣೆ ನನ್ನದು," ಎಂದು ದೋಣಿಗೆ ಮಾತು ಕೊಟ್ಟು, ಆಮೆಯೊಡನೆ ವ್ಯಾಪಾರ ಮುಗಿಸಿ, ದೋಣಿಯನ್ನು ಹೊಳೆಗಿಳಿಸಿ ಗೂಟಕ್ಕೆ ಕಟ್ಟಿತು. ನೋಡುತ್ತಿದ್ದಂತೆ ಅದರೊಳಗೆ ಅಂಚಿನವರೆಗೂ ನೀರು ತುಂಬಿತು.

"ಕೊಂಡ ದಿನವೇ ಮುಳುಗಿಸಿದೆಯಲ್ಲ," ಎಂದು ಕೊಕ್ಕರೆ ನಕ್ಕಿತು.

ಕೆಲವು ದಿನ ಬಿಟ್ಟು ಮುಂಗುಸಿ ಆ ನೀರನ್ನೆಲ್ಲ ಮೊಗೆದು ಚೆಲ್ಲಿತು. ಹಲಗೆಗಳು ನೆನೆದು ಉಬ್ಬಿ ಸಂದಿಗಳೆಲ್ಲ ಮುಚ್ಚಿಕೊಂಡಿದ್ದವು. ಮತ್ತೆ ಒಂದು ಹನಿಯೂ ಒಳಗೆ ಬರಲಿಲ್ಲ. ಮರಿಗಳನ್ನು ಹತ್ತಿಸಿಕೊಂಡು ಹೊರಟ ಮುಂಗುಸಿ, ಬೆರಗಾಗಿ ನಿಂತಿದ್ದ ಕೊಕ್ಕರೆಗೆ ಹೇಳಿತು: "ಬಾಯಾರಿದವರಿಗೆ ಮೊದಲು ನೀರು ಕೊಡಬೇಕಣ್ಣ, ಕೆಲಸ ಆಮೇಲೆ ಹೇಳಬೇಕು."